ಡಬ್ಬಿಯೊಳಗಿನ ಅಲೆನ್ ಕೀ

"ನೀವು ಕೊಟ್ಟ ಕಟಿಂಗ್ ಮೆಷಿನ್ನಿಂದಲೇ ನಮ್ಮಣ್ಣನ ಎರಡು ಬೆರಳು ಹೋದದ್ದು!" ಎಂದು ನಂದಕುಮಾರ್ ಪೊಳ್ಳಾಚಿಯ ಟೂಲ್ಸ್ ಅಂಗಡಿಯ ಮೇಜು ಗುದ್ದಿದ.

"ಬ್ಲೇಡ್ ಮುಚ್ಚೋಕೆ ಗಾರ್ಡ್ ಇರುತ್ತಲ್ಲಪ್ಪಾ, ಬೆರಳು ಹೇಗೆ ಹೋಗುತ್ತೆ?" ಎಂದು ಅಂಗಡಿಯವರು ಹೊಸ ಮೆಷಿನ್ನೊಂದನ್ನು ಮುಂದಿಟ್ಟರು.

ನಂದಕುಮಾರ್ ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ದೊಡ್ಡ ಬ್ಲೇಡ್ ಕೂರಲಿ, ಕೆಲಸ ಬೇಗ ಮುಗಿಯಲಿ ಎಂದು ಹಳೆಯದರ ಗಾರ್ಡ್ ಬಿಚ್ಚಿ ಎಸೆದವನು ತಾನೇ. ಅದನ್ನು ಅವನು ಇಂದಿನವರೆಗೂ ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಅಣ್ಣ ಪಳನಿಸಾಮಿ ಹೊಸ ಮೆಷಿನ್ನಿನ ಗಾರ್ಡನ್ನು ಬಲಗೈಯಲ್ಲಿ ಉಳಿದ ಮೂರು ಬೆರಳಿನಿಂದ ಮೆಲ್ಲಗೆ ಸವರಿದ.

"ಇದೇ ಇರ್ಲಿ. ಇನ್ಮೇಲೆ ನೀನೇ ಓಡ್ಸು, ತಂಬಿ," ಎಂದ. ಆಮೇಲೆ ಮೆಷಿನ್ನಿನ ಡಬ್ಬಿಯೊಳಗೆ ತಡಕಾಡಿ, ಗಾರ್ಡ್ ಬಿಚ್ಚುವ ಸಣ್ಣ ಅಲೆನ್ ಕೀಯನ್ನು ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. "ಇದೊಂದು ಮಾತ್ರ ನನ್ ಹತ್ರ ಇರ್ಲಿ."