ಬಾಗಿಲಾಚೆಯ ತಾಲೀಮು

ಕೈಗೆ ಮೆತ್ತಿದ ಬೆಣ್ಣೆಯನ್ನು ಒರೆಸಿಕೊಂಡು ಕೆಲ್ಸಿ ಫೋನು ನೋಡಿದಳು. ಕರೆಗಂಟೆಯ ಕ್ಯಾಮೆರಾದಲ್ಲಿ ಅತ್ತೆ ಲೊರೇನ್, ಮಾವ ವರ್ನ್ ಕಾಣುತ್ತಿದ್ದರು. ಅವರ ಮಾತೂ ಕೇಳಿಸುತ್ತಿತ್ತು. ಬಾಗಿಲಿಗೆ ಬಂದು ಎಷ್ಟೋ ಹೊತ್ತಾಗಿದ್ದರೂ ಗಂಟೆ ಮಾತ್ರ ಒತ್ತಿರಲಿಲ್ಲ. ಹೋದ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ, ಟರ್ಕಿ ಕೋಳಿ ಒಣಗಿ ಹಲಗೆಯಾಗಿದೆ ಎಂದು ಎದ್ದುಹೋದ ಅತ್ತೆ ಈ ಕಡೆ ಮತ್ತೆ ತಲೆಹಾಕಿದ್ದು ಇವತ್ತು, ಈ ವರ್ಷದ ಹಬ್ಬಕ್ಕೇ.

"ಇನ್ನೊಂದ್ಸಲ ಹೇಳು," ಎಂದ ವರ್ನ್.

ಲೊರೇನ್ ಕುಂಬಳಕಾಯಿ ಪೈ ತಟ್ಟೆಯನ್ನು ಎದೆಗವಚಿಕೊಂಡು, ಮುಚ್ಚಿದ ಬಾಗಿಲಿಗೆ ಹಲ್ಲು ಕಿರಿದಳು. "ಕೆಲ್ಸಿ, ಈ ಸಲ ಕೋಳಿ ತುಂಬ ಮೆತ್ತಗಿದೆ."

"ಇನ್ನೂ ತಿಂದೇ ಇಲ್ವಲ್ಲೇ ಮಾರಾಯ್ತಿ."

"ಮತ್ತೇನ್ ಹೇಳ್ಲಿ? ಕಿಟಕಿ ಪರದೆ ಚೆನ್ನಾಗಿದೆ ಅನ್ಲಾ?"

"ಅದನ್ನ ಕೊಡ್ಸಿದ್ದೇ ನೀನು."

ಲೊರೇನ್‌ಳ ನಗು ಇಳಿಯಿತು. ತಟ್ಟೆಯ ಅಂಚನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: "ಕೆಲ್ಸಿ, ನೀನಿಲ್ದೆ ಕ್ರಿಸ್‌ಮಸ್ಸೂ ಸಪ್ಪೆ ಆಗಿತ್ತು ಕಣೇ. ಜಗಳ ಆಡೋಕೂ ಯಾರೂ ಇರ್ಲಿಲ್ಲ." ಹೇಳಿದ ಮೇಲೆ ತನಗೇ ನಾಚಿಕೆಯಾದಂತೆ ತಲೆ ಕೊಡವಿದಳು. "ಛೆ, ಇದು ಬೇಡ. ಕೋಳೀನೇ ಇರ್ಲಿ." ಗಂಟೆ ಒತ್ತಿಯೇಬಿಟ್ಟಳು.

ಕೆಲ್ಸಿ ಕಣ್ಣೊರೆಸಿಕೊಂಡು, ಬರುತ್ತಿದ್ದ ನಗುವನ್ನು ತಡೆದುಕೊಂಡು ಬಾಗಿಲು ತೆರೆದಳು.

ಲೊರೇನ್ ಮತ್ತೆ ಹಲ್ಲು ಕಿರಿದಳು. "ಕೆಲ್ಸಿ, ಈ ಸಲ ಕೋಳಿ..."

"ಕೋಳಿ ಬೇಡ ಲೊರೇನ್," ಎಂದು ಕೆಲ್ಸಿ ಪೈ ತಟ್ಟೆಗೆ ಕೈಚಾಚಿದಳು. "ಕ್ರಿಸ್‌ಮಸ್ಸಿನ ಮಾತೇ ಹೇಳಿ. ಅದೇ ಚೆನ್ನಾಗಿತ್ತು."