ಗಿಣಿ ಕಲಿತ ಕರೆ

ಜೋಳದ ರೊಟ್ಟಿ ಬೇಯುವ ವಾಸನೆ ಬಂದರೆ ಇಂದಿಗೂ ನನ್ನ ಕೈ ಬಾಗಿಲ ಚಿಲಕ ತಡಕುತ್ತದೆ.

ಆ ಮಧ್ಯಾಹ್ನ ನವನಗರದ ಮನೆಯಲ್ಲಿ ನಾನು ಗಿಣಿಯನ್ನು ಪಂಜರದಿಂದ ಬಿಡುವಾಗ, ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಕೇಳಿದಳು: "ಹಿತ್ತಲ ಚಿಲಕಾ ಹಾಕೀಯೇನವಾ? ಹೊರಗ ನಾಯಿ ಐತಿ."

"ಹಾಕೇನಿ" ಎಂದೆ. ಚಿಲಕ ಹಾಕದೆ ಬಾಗಿಲನ್ನು ಬರೀ ಮುಂದೆ ಮಾಡಿದ್ದೆ.

ನೆಲದ ಮೇಲೆ ಕಾಳು ಹೆಕ್ಕುತ್ತಿದ್ದ ಗಿಣಿ ಅಜ್ಜಿಯ ದನಿಯಲ್ಲೇ ಕೂಗಿತು: "ಮೋತ್ಯಾ, ಬಾರೋ, ರೊಟ್ಟಿ ತಿನ್ನ ಬಾ!" ಅಜ್ಜಿ ದಿನಾ ನಾಯಿಯನ್ನು ಕರೆಯುತ್ತಿದ್ದುದೇ ಹಾಗೆ.

ಬಾಗಿಲು ತಳ್ಳಿಕೊಂಡು ಮೋತ್ಯಾ ನುಗ್ಗಿ ಗಿಣಿಯನ್ನು ಬಾಯಲ್ಲಿ ಕಚ್ಚಿ ಹಿಡಿಯಿತು. ಅದರ ಕೊರಳಿಗೆ ಜೋತುಬಿದ್ದೆ, ಹಲ್ಲಿನ ನಡುವೆ ಬೆರಳು ತುರುಕಿದೆ, ಕಿರುಚಿದೆ. ಅದು ಬಾಯಿ ಬಿಟ್ಟಾಗ ಹಸಿರು ಗರಿ ಇನ್ನೂ ಬೆಚ್ಚಗಿತ್ತು. ಗಿಣಿ ಅಲುಗಲಿಲ್ಲ.

ನಾನು ಕೋಲೆತ್ತಿದೆ. ಹಿಟ್ಟಿನ ಕೈಯಿಂದಲೇ ಅಜ್ಜಿ ತಡೆದಳು. "ಅದಕ್ಯಾಕ ಹೊಡೀತಿ? ಕರದ್ರ ಬಂತು."

ಅಂದಿನಿಂದ ಮೋತ್ಯಾನನ್ನು ಅವಳು ಹೆಸರು ಹಿಡಿದು ಕರೆಯಲಿಲ್ಲ, ತಟ್ಟೆ ಬಡಿಯುತ್ತಿದ್ದಳು. ಚಿಲಕದ ಮಾತನ್ನು ಎತ್ತಲೇ ಇಲ್ಲ.