ಸೋಸುವ ಬಟ್ಟೆ

ಅಕ್ವೇರಿಯಂನ ಫಿಲ್ಟರ್ ತೊಳೆಯುವಾಗ ಉಪ್ಪುನೀರಿನ ವಾಸನೆ ಬಂದರೆ ನನಗೆ ಈಗಲೂ ಅಫಜಲಪುರದ ನಮ್ಮ ಅಂಗಳ ನೆನಪಾಗುತ್ತದೆ.

ಸಮುದ್ರದ ಮೀನು ಸಾಕಿದ್ದ ಅಜ್ಜ ತೀರಿಹೋಗಿ ತಿಂಗಳಾಗಿತ್ತು. ಫಿಲ್ಟರಿನಲ್ಲಿ ಕಸ ಸೋಸಲು ಮಡಚಿ ಇಡುತ್ತಿದ್ದ ಹಳೆಯ ಬಟ್ಟೆ ಆ ಮಧ್ಯಾಹ್ನ ಹರಿದುಹೋಯಿತು. ಅಜ್ಜಿ ಟ್ರಂಕಿನಿಂದ ಅಜ್ಜನ ಧೋತರ ತೆಗೆದು ಬರೀ ನೀರಿನಲ್ಲಿ ಹಿಂಡಿದಳು. ಮೂಸಿ ನೋಡಿ ಮತ್ತೆ ಹಿಂಡಿದಳು.

"ಸಬಕಾರದ ನೊರಿ, ವಿಭೂತಿ ಏನೂ ಉಳೀಬಾರ್ದು. ಮೀನ ಸಾಯ್ತಾವ," ಎಂದಳು.

ನಾನೂ ಮೂಸಿದೆ. ಒದ್ದೆ ಬಟ್ಟೆಯ ವಾಸನೆಯಷ್ಟೇ ಇತ್ತು. "ಎಲ್ಲಾ ಹೋಗ್ಯದ ಆಯಿ," ಎಂದೆ.

ಅಜ್ಜಿ ಧೋತರವನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಳು.

"ಇಲ್ಲ, ಇನ್ನೂ ಅದ. ಇದು ಬ್ಯಾಡ," ಎಂದಳು. ಅದನ್ನು ನೆರಳಿನಲ್ಲಿ ಒಣಗಲು ಹರವಿ, ಒಳಗೆ ಹೋಗಿ ತನ್ನದೊಂದು ಸೀರೆ ಹರಿದು ತಂದಳು.